ಅದಿರು ಲಾರಿಗಳು ಗುಜರಿಗೆ ಹೋದ ಕಾಲ

ಹಳೇ ಗಾಡಿ ಮಾರೋ ಮಾತು ಬಂದ್ರ ನಾವು ಹೆಣ್ಮಕ್ಕಳು ಚಾ ಕೊಟ್ಟು ಒಳಗ ಹೋಗಿಬಿಡ್ತೀವಿ, ಅದು ಗಂಡಸರ ವ್ಯವಹಾರ ಅಂತ. ಆದ್ರ ಅಕ್ಕಾರೆ, ನಮ್ಮ ಉಜ್ಜಿನಿ, ಕೊಟ್ಟೂರು, ಕೂಡ್ಲಿಗಿ ಕಡೆ ಎಷ್ಟು ಲಾರಿ ಹೆಣ್ಮಕ್ಕಳ ಬಂಗಾರದ ಮ್ಯಾಲೆ ಬಂದಿದ್ವು ಅನ್ನೋದು ನಿಮಗೂ ಗೊತ್ತು. ಅದಕ್ಕ ಇದು ನಮ್ಮ ಕತಿನೂ ಹೌದು.

ಮೊದ್ಲು ನಮ್ಮದು ಜೋಳ, ಸಜ್ಜಿ, ಶೇಂಗಾದ ಸೀಮಿ. ಊರಿಗೆ ಒಂದೋ ಎರಡೋ ಲಾರಿ. 2003ರಾಗ ಸರ್ಕಾರ ತಾನು ಕಾಯ್ದಿಟ್ಟಿದ್ದ ಅದಿರಿನ ಜಾಗಗಳನ್ನ ಖಾಸಗಿಯವರಿಗೆ ಬಿಟ್ಟುಕೊಡ್ತು. ಅದೇ ಹೊತ್ತಿಗೆ ಚೀನಾದಾಗ 2008ರ ಒಲಿಂಪಿಕ್ಸ್ ತಯಾರಿ ನಡೆದಿತ್ತು, ಎಷ್ಟು ಕಬ್ಬಿಣ ಹೋದ್ರೂ ಸಾಲತಿರಲಿಲ್ಲ. ಸಂಡೂರು, ಹೊಸಪೇಟೆ ಗುಡ್ಡದ ಕೆಂಪು ಮಣ್ಣು ಬೇಲೆಕೇರಿ, ಮಂಗಳೂರು, ಕೃಷ್ಣಪಟ್ಟಣದ ಬಂದರಿಗೆ ಹೊಂಟಿತು. ಹೊರಾಕ ಲಾರಿ ಬೇಕಲ್ಲ! ಹೊಲ ಮಾರಿದವರು, ಬಂಗಾರ ಅಡವಿಟ್ಟವರು ಕಂತಿನ ಮ್ಯಾಲೆ ಲಾರಿ ತಂದ್ರು. ನಮ್ಮ ನೆಗೆಣ್ಣಿ ಬೋರಮಾಳ ಸರ ಕೊಟ್ಲು. ಲಾರಿ ಅವಳ ಹೆಸರಿಗೇ ಆತು. ಮುಂದ 'ಶ್ರೀ ಮರುಳಸಿದ್ಧೇಶ್ವರ ಪ್ರಸನ್ನ' ಅಂತ ಬರೆಸಿದ್ರು. ನಾಕು ವರ್ಷ ಚೊಲೋ ನಡೀತು, ಸುಳ್ಳು ಯಾಕ ಹೇಳ್ಲಿ.

2010ರ ಜುಲೈದಾಗ ರಾಜ್ಯ ಸರ್ಕಾರ ಅದಿರು ರಫ್ತು ತಡೀತು. ಮರುವರ್ಷ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಎರಡೇ ದಿನಕ್ಕ, 2011ರ ಜುಲೈ 29ಕ್ಕ, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿ ನಿಲ್ಲಿಸ್ತು. ಅದು ತಪ್ಪು ಅಂತ ನಾನು ಅನ್ನಾಂಗಿಲ್ಲ. ಗುಡ್ಡ ಬೋಳಾಗಿದ್ವು, ರಸ್ತಿ ಬಾಜೂಕಿನ ಬೆಳಿ ಮ್ಯಾಲೆ ಕೆಂಪು ಧೂಳು ಕುಂತಿತ್ತು. ಆದ್ರ ಗಣಿ ನಿಂತ್ರೂ ಕಂತು ನಿಲ್ಲಲಿಲ್ಲ.

2013ರಾಗ ಕೋರ್ಟ್ ಕೆಲವು ಗಣಿ ಶುರು ಮಾಡಾಕ ಬಿಟ್ಟು, 51 ಗುತ್ತಿಗೆ ರದ್ದು ಮಾಡ್ತು. ವರ್ಷಕ್ಕ ಇಷ್ಟೇ ತೆಗೀಬೇಕು ಅಂತ ಮಿತಿನೂ ಹಾಕ್ತು. ಅಷ್ಟರಾಗ ಲಾರಿ ಎರಡು ಮಳಿಗಾಲ ನಿಂತಲ್ಲೇ ಕಳೆದಿದ್ವು. ನಿಂತ ಗಾಡಿ ಓಡೋ ಗಾಡಿಗಿಂತ ಬೇಗ ಹಾಳಾಗತೈತಿ. ಬ್ಯಾಟರಿ ಸಾಯ್ತಾವ, ಟೈರ್ ಬಿರೀತಾವ, ಬಾಡಿ ತಳದಾಗ ತುಕ್ಕು ತಿಂತೈತಿ.

ಬಿಡಿಭಾಗ ಮಾರಿದ್ರ ಇಡೀ ಗಾಡಿಗಿಂತ ಹೆಚ್ಚು ರೊಕ್ಕ ಬರತೈತಿ ಅಂತ ಎಲ್ಲಾರೂ ಲೆಕ್ಕ ಹಾಕಿದ್ರು. ಲೆಕ್ಕ ಸರಿನೇ. ಆದ್ರ ಗೇರ್ ಬಾಕ್ಸ್ ಕೊಳ್ಳಾಕ ಎಲ್ಲೋ ಒಂದು ಅಂಥದೇ ಲಾರಿ ಓಡ್ತಿರಬೇಕಲ್ಲ? ಸುತ್ತ ಹತ್ತೂರಾಗ ಒಂದೇ ಜಾತಿ ಲಾರಿ ನಿಂತಾವ, ಎಲ್ಲಾರೂ ಮಾರೋರೇ, ಕೊಳ್ಳೋರು ಯಾರು? ಚೊಲೋ ಇಂಜಿನ್‌ನೂ ಗುಜರಿಯವರು ತೂಕಕ್ಕ ಕೇಳಿದ್ರು. ಮೊದಲು ಟೈರ್ ಹೋದ್ವು, ಆಮ್ಯಾಲೆ ಬ್ಯಾಟರಿ ಅದರ ಸೀಸಕ್ಕ, ರೇಡಿಯೇಟರ್ ಅದರ ತಾಮ್ರ, ಹಿತ್ತಾಳಿಗೆ. ಕಮಾನು ಪಟ್ಟಿ ಕಮ್ಮಾರರು ಒಯ್ದ್ರು. ಆ ಉಕ್ಕಿನ ಕೊಡ್ಲಿ, ಕುಡುಗೋಲಿನ ಬಾಯಿ ಲಗೂನ ಮೊಂಡಾಗಂಗಿಲ್ಲ. ಉಳಿದ ಚಾಸಿ, ಬಾಡಿ ಗ್ಯಾಸ್ ಕಟರಿನಾಗ ಕತ್ತರಿಸಿ ಕುಲುಮಿಗೆ. ಅದಿರು ಹೊತ್ತ ಲಾರಿ ತಾನೇ ಅದಿರಿನಂಗ ತೂಕಕ್ಕ ಹೋತು.

ನೆಗೆಣ್ಣಿ ಲಾರಿನೂ ಹಂಗೇ ಹೋತು, ರೊಕ್ಕ ಸಾಲದ ಬಡ್ಡಿಗೆ ಸರಿಹೋತು. ಬೋರಮಾಳ ಹರಾಜಾತು. ಮೂರು ವರ್ಷ ಆದ ಮ್ಯಾಲೆ, ಇಲ್ಲದ ಲಾರಿಗೆ ತೆರಿಗಿ ಬಾಕಿ ಐತಿ ಅಂತ ಅವಳ ಹೆಸರಿಗೆ ನೋಟಿಸ್ ಬಂತು. ಕೊಂಡವನು "ಕಾಗದ ನಾ ನೋಡ್ಕೊಂತೀನಿ ಬಿಡ್ರಿ" ಅಂದಿದ್ದ, ನೋಡಿರಲಿಲ್ಲ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ, ಗಾಡಿ ಒಡದ ಮ್ಯಾಲೆ 14 ದಿನದಾಗ ಮಾಲೀಕರೇ ಆರ್‌ಟಿಓಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಓಡೋ ಗಾಡಿ ಮಾರಿದ್ರ ಇನ್ನೂ ಹುಷಾರಿರಬೇಕು. ಹೆಸರು ಬದಲಾಗದೇ ಅಪಘಾತ ಆದ್ರ, ಆರ್‌ಸಿನಾಗ ಯಾರ ಹೆಸರೈತೋ ಅವರೇ ಹೊಣಿ ಅಂತ 2018ರಾಗ ಸುಪ್ರೀಂ ಕೋರ್ಟ್ ಹೇಳೈತಿ. ಈಗ 2021ರ ಹೊಸ ನಿಯಮ ಬಂದಾವ. ನೋಂದಣಿ ಆದ ಗುಜರಿ ಕೇಂದ್ರಕ್ಕ ಗಾಡಿ ಕೊಟ್ರ ಸರ್ಟಿಫಿಕೇಟ್ ಕೊಡ್ತಾರ, ಅದನ್ನ ಕೇಳಿ ಇಸ್ಕೊಳ್ರಿ.

ನೆಗೆಣ್ಣಿ ಹಾಲು ಮಾರಿದ ರೊಕ್ಕದಾಗ ಬಾಕಿ ತೀರಿಸಿದ್ಲು. ಆರ್‌ಸಿ ರದ್ದಾದ ಕಾಗದ ಅವಳ ಟ್ರಂಕಿನಾಗ ರೇಷನ್ ಕಾರ್ಡ್ ಜೊತಿ ಐತಿ.