ಊರಿಗೆ ಬಂದ ಕರೆಂಟು ಯಾರ ಮನೆಗೆ ಬಂತು?

ನಮ್ಮ ಕಡೆ ಈಗಲೂ ಯಾರೂ ‘ಸೆಸ್ಕ್’ ಅನ್ನಲ್ಲ. ಚನ್ನರಾಯಪಟ್ಟಣದ ತೆಂಗಿನ ತೋಟದಿಂದ ಅರಕಲಗೂಡಿನ ಹೊಗೆಸೊಪ್ಪಿನ ಹೊಲದವರೆಗೆ ಎಲ್ಲರ ಬಾಯಲ್ಲೂ ‘ಕೆಇಬಿಯವರು’ ಅಂತಲೇ. ಆ ಮಂಡಳಿ ಹೋಗಿ 1999ರಲ್ಲಿ ಕೆಪಿಟಿಸಿಎಲ್ ಬಂತು. ಮೈಸೂರಿನ ಚಾಮುಂಡೇಶ್ವರಿ ಕಂಪನಿ ಬಂದಿದ್ದು 2005ರಲ್ಲಿ. ಮೊನ್ನೆ ರಾತ್ರಿ ತ್ರೀ ಫೇಸ್ ಪಾಳಿಗೆ ಕಾಯುತ್ತಾ ಸ್ಟಾರ್ಟರ್ ಪಕ್ಕ ಕೂತಿದ್ದಾಗ ಹಳೇ ಯೋಜನೆಗಳೆಲ್ಲ ನೆನಪಾದವು. ಬರೆದಿಡೋಣ ಅನ್ನಿಸ್ತು.

1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೆ ಬಂತು. ದುಡ್ಡು ಕೊಡೋರು ಎಲ್ಲಿದ್ದರೋ ಲೈನು ಅಲ್ಲಿಗೆ ಎಳೆದರು. ಹಳ್ಳಿಗಳ ಕೆಲಸಕ್ಕೆ ಸಾಲ ಕೊಡಲು ಗ್ರಾಮೀಣ ವಿದ್ಯುದೀಕರಣ ನಿಗಮ ಶುರುವಾಗಿದ್ದು 1969ರಲ್ಲಿ. ಆಗ ಲೆಕ್ಕಕ್ಕೆ ಸಿಗುತ್ತಿದ್ದದ್ದು ಊರು ಮತ್ತು ಪಂಪ್‌ಸೆಟ್ಟು, ಮನೆಯಲ್ಲ. ಗ್ರಾಮದ ಎಲ್ಲೆಯೊಳಗೆ ಯಾವ ಕೆಲಸಕ್ಕೆ ಕರೆಂಟು ಬಳಸಿದರೂ ಸಾಕು, ಆ ಊರು ‘ವಿದ್ಯುದೀಕರಣಗೊಂಡ ಗ್ರಾಮ’. ಹೊಲದಲ್ಲಿ ಒಂದು ಮೋಟಾರ್ ಓಡಿದರೂ ಊರಿಗೆ ಕರೆಂಟು ಬಂದ ಹಾಗೆ! ಜನ ವಾಸವಿರುವ ಜಾಗಕ್ಕೇ ಬರಬೇಕು ಅಂತ ತಿದ್ದಿದ್ದು 1997ರಲ್ಲಿ. ಕನಿಷ್ಠ ನೂರಕ್ಕೆ ಹತ್ತು ಮನೆಗಾದರೂ ಇರಬೇಕು ಅಂದಿದ್ದು 2004ರಲ್ಲಿ. ಅಂದರೆ ಹತ್ತು ಮನೆಯಲ್ಲಿ ಒಂಬತ್ತು ಕತ್ತಲಲ್ಲಿದ್ದರೂ ಕಾಗದದಲ್ಲಿ ಊರಿಗೆ ಬೆಳಕು.

ನಮ್ಮ ರಾಜ್ಯ ಇದಕ್ಕೂ ಮುಂಚೆಯೇ, 1979-80ರಲ್ಲಿ, ಭಾಗ್ಯಜ್ಯೋತಿ ತಂದಿತ್ತು. ಬಡವರ ಮನೆಗೆ ಒಂದು ದೀಪ. ಆ ಕಾಲಕ್ಕೆ ಅದು ದೊಡ್ಡ ಮಾತೇ. ಊರನ್ನು ಬಿಟ್ಟು ಮನೆಯನ್ನು ಎಣಿಸಿದ ಯೋಜನೆ ಅದು. ಆದರೆ ದೀಪದ ಜೊತೆಗೆ ಮಿಕ್ಸಿ, ಟಿವಿ ಬಂದ ಮೇಲೆ ಮಿತಿ ದಾಟಿತು, ಬಾಕಿ ಬೆಳೆಯಿತು.

ಇನ್ನು ಪಂಪ್‌ಸೆಟ್ಟಿನ ವಿಷಯ. 2008ರಿಂದ 10 ಎಚ್‌ಪಿವರೆಗೆ ಉಚಿತ. ನಾನೂ ಅದರ ಫಲಾನುಭವಿ, ಮುಚ್ಚಿಡಲ್ಲ. ಆದರೆ ಇದರ ಲಾಭ ಕೊಳವೆಬಾವಿ ಇದ್ದವನಿಗೆ. ಮಳೆ ನಂಬಿ ರಾಗಿ ಬಿತ್ತುವವನಿಗೆ ಇದರಿಂದ ಒಂದು ಯೂನಿಟ್ಟೂ ಇಲ್ಲ. ಹೊಳೆನರಸೀಪುರದ ನಾಲೆ ಬಯಲಿನವನಿಗೂ ಇದರ ಹಂಗು ಕಮ್ಮಿ.

ಆಮೇಲೆ ಬಂದ ನಿರಂತರ ಜ್ಯೋತಿ ನನ್ನ ಮಟ್ಟಿಗೆ ಒಳ್ಳೇ ಕೆಲಸ. ಮುಂಚೆ ಊರಿಗೂ ಮೋಟಾರಿಗೂ ಒಂದೇ ಫೀಡರ್. ಸಿಂಗಲ್ ಫೇಸ್ ಕೊಟ್ಟ ಹೊತ್ತಲ್ಲಿ ನಾವು ಕಂಡೆನ್ಸರ್ ಹಾಕಿ ಮೋಟಾರ್ ಓಡಿಸೋರು, ಊರಲ್ಲಿ ಓದೋ ಮಕ್ಕಳ ಬಲ್ಬು ಕೆಂಡದ ಥರ ಆಗೋದು. ಟಿಸಿ ಸುಡೋದು. ಫೀಡರ್ ಬೇರೆ ಮಾಡಿದ ಮೇಲೆ ಊರಿಗೆ ದಿನವಿಡೀ, ಪಂಪ್‌ಸೆಟ್ಟಿಗೆ ಏಳು ಗಂಟೆ ಅಂತ ಆಯ್ತು. ಬಿಟ್ಟುಹೋದವರು ತೋಟದ ಮನೆಯವರು. ಮನೆ ಇರೋದು ತೋಟದಲ್ಲಿ, ಲೈನು ಮೋಟಾರಿಂದು. ನಮ್ಮದೂ ಅದೇ ಕಥೆ. ಅರ್ಜಿ ಕೊಟ್ಟರೆ ‘ಊರೊಳಗೆ ಬನ್ನಿ’ ಅಂದರು. ಹಸು ಬಿಟ್ಟು ಎಲ್ಲಿಗೆ ಹೋಗೋದು?

ಕೊನೆಗೆ ಗೃಹಜ್ಯೋತಿ, ಜುಲೈ 2023. ಮಿತಿ 200 ಯೂನಿಟ್. ಆದರೆ ಉಚಿತ ಸಿಕ್ಕಿದ್ದು ಹಿಂದಿನ ವರ್ಷದ ಸರಾಸರಿ, ಅದರ ಮೇಲೆ ನೂರಕ್ಕೆ ಹತ್ತು. ಇಲ್ಲೇ ಗಮನಿಸಿ: 150 ಯೂನಿಟ್ ಉರಿಸುತ್ತಿದ್ದ ಮನೆಗೆ 15 ಯೂನಿಟ್ ಹೆಚ್ಚು, 20 ಯೂನಿಟ್ಟಿನ ಮನೆಗೆ ಎರಡೇ. ಕಮ್ಮಿ ಉರಿಸಿದವನಿಗೆ ಕಮ್ಮಿ. 2024ರ ಜನವರಿಯಲ್ಲಿ ಸಂಪುಟ ಇದನ್ನು ತಿದ್ದಿ, 48 ಯೂನಿಟ್‌ವರೆಗಿನವರಿಗೆ ನೇರವಾಗಿ ಹತ್ತು ಯೂನಿಟ್ ಅಂತ ಮಾಡಿತು. ಸಣ್ಣ ತಿದ್ದುಪಡಿ, ಆದರೆ ಬಡವರ ಮನೆಗೇ ಮುಟ್ಟಿದ್ದು. ಬಾಡಿಗೆ ಮನೆಯವರನ್ನೂ ಸೇರಿಸಿಕೊಂಡಿದ್ದು ಇನ್ನೊಂದು ಒಳ್ಳೇದು.

ಊರು ಎಣಿಸಿದಾಗ ಮನೆ ಬಿಟ್ಟುಹೋಯ್ತು, ಮೋಟಾರ್ ಎಣಿಸಿದಾಗ ಒಣಭೂಮಿಯವನು, ಫೀಡರ್ ಎಣಿಸಿದಾಗ ತೋಟದ ಮನೆ, ಹಳೇ ಬಿಲ್ ಎಣಿಸಿದಾಗ ಬಡವ. ಹೊಸ ಯೋಜನೆ ಬಂದರೆ ‘ಎಷ್ಟು ಉಚಿತ’ ಅಂತ ಕೇಳೋಕೆ ಮುಂಚೆ ‘ಏನನ್ನ ಎಣಿಸ್ತಿದೀರಿ’ ಅಂತ ಕೇಳಿ. ದರ ಪರಿಷ್ಕರಣೆಗೆ ಕೆಇಆರ್‌ಸಿ ಸಾರ್ವಜನಿಕ ವಿಚಾರಣೆ ನಡೆಸುತ್ತೆ, ಗ್ರಾಹಕ ಯಾರೇ ಆಗಲಿ ಆಕ್ಷೇಪಣೆ ಬರೆದುಕೊಡಬಹುದು. ಈ ಸಲ ತೋಟದ ಮನೆಯವರ ಆರ್.ಆರ್. ನಂಬರ್ ಪಟ್ಟಿ ಮಾಡ್ತಿದೀನಿ. ನಿಮ್ಮದೂ ಇದ್ದರೆ ಸೇರಿಕೊಳ್ಳಿ.