ಹತ್ತಿಯಿಂದ ಹುಟ್ಟಿದ ಬಿ.ಕಾಂ: ನಾಗಪುರದ ಒಂದು ಕಥೆ

ನಾಗಪುರ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಎರಡೇ. ಒಂದು ಕಿತ್ತಳೆ, ಇನ್ನೊಂದು ಬಿಸಿಲು. ಈ ಊರಿನಲ್ಲಿ ಮೂವತ್ತು ವರ್ಷದಿಂದ ಇರುವ ನನಗೆ ಇತ್ತೀಚೆಗೆ ಮೂರನೆಯದೊಂದು ಪ್ರಶ್ನೆಯೂ ಬರತೊಡಗಿದೆ. "ನಿಮ್ಮೂರಲ್ಲಿ ಐಐಎಂ ಇದೆಯಂತಲ್ಲ, ನಮ್ಮ ಹುಡುಗನಿಗೆ ಹೇಗೆ?" ಅಂತ. ಐಐಎಂ ಇರುವುದು ನಿಜ. 2015ರಲ್ಲಿ ಶುರುವಾಯಿತು, 2022ರಲ್ಲಿ ಮಿಹಾನ್‌ನಲ್ಲಿ ಸ್ವಂತ ಕ್ಯಾಂಪಸ್ ಉದ್ಘಾಟನೆಯೂ ಆಯಿತು. ಆದರೆ ವ್ಯವಹಾರ ನಡೆಸುವ ವಿದ್ಯೆಯನ್ನು ಈ ಊರು ಕಲಿತ ಕಥೆ ಅದಕ್ಕಿಂತ ತುಂಬಾ ಹಳೆಯದು. ಆ ಕಥೆ ನಡೆಯುವುದು ಹತ್ತಿಯ ಸುತ್ತ.

ಅಂದ ಹಾಗೆ, ಹತ್ತಿಗಿಂತ ಮೊದಲು ಒಂದು ಮಾತು. ನಾಗಪುರದ ಹೆಸರು ಮೊದಲು ಸಿಗುವುದು ಎಲ್ಲಿ ಗೊತ್ತಾ? ಪಕ್ಕದ ವರ್ಧಾ ಜಿಲ್ಲೆಯ ದೇವಳಿಯಲ್ಲಿ ಸಿಕ್ಕ ತಾಮ್ರಪಟದಲ್ಲಿ. ಅದು ಶಕ 862ರದು, ಅಂದರೆ ಕ್ರಿ.ಶ. 940. ಅದನ್ನು ಕೊಟ್ಟವನು ರಾಷ್ಟ್ರಕೂಟರ ಮೂರನೆಯ ಕೃಷ್ಣ. ನಮ್ಮ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದವನು! 'ನಾಗಪುರ-ನಂದಿವರ್ಧನ' ಎಂಬ ಸೀಮೆಯ ಒಂದು ಹಳ್ಳಿಯನ್ನು ದಾನ ಕೊಟ್ಟ ದಾಖಲೆ ಅದು. "ನೀವು ಸೌತ್‌ನವರು ಇಲ್ಲಿಗೆ ಯಾವಾಗ ಬಂದಿರಿ?" ಅಂತ ಯಾರಾದರೂ ಕೇಳಿದರೆ ನಾನು ನಗುತ್ತಾ "ಸಾವಿರ ವರ್ಷ ಆಯ್ತು" ಅನ್ನುವುದುಂಟು.

ಇರಲಿ, ಹತ್ತಿಗೆ ಬರೋಣ. ವಿದರ್ಭದ್ದು ಕಪ್ಪು ಎರೆ ಮಣ್ಣು. ಹುಬ್ಬಳ್ಳಿ, ಗದಗ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. 1867ರಲ್ಲಿ ಮುಂಬಯಿಯಿಂದ ರೈಲು ನಾಗಪುರ ಮುಟ್ಟಿತು. ಅಲ್ಲಿಯವರೆಗೆ ಗಾಡಿಯಲ್ಲಿ ಹೋಗುತ್ತಿದ್ದ ಅರಳೆ ರೈಲು ಹತ್ತಿತು. ಆಗ ಜಮ್‌ಶೇಟ್‌ಜಿ ಟಾಟಾ ಒಂದು ಲೆಕ್ಕ ಹಾಕಿದರು. ಎಲ್ಲರೂ ಮುಂಬಯಿಯಲ್ಲಿ ಗಿರಣಿ ಕಟ್ಟುತ್ತಿದ್ದಾರೆ, ಹತ್ತಿಯನ್ನು ಅಷ್ಟು ದೂರ ಹೊತ್ತು ತರುತ್ತಿದ್ದಾರೆ. ಹತ್ತಿ ಬೆಳೆಯುವ ಜಾಗದಲ್ಲೇ ಗಿರಣಿ ಕಟ್ಟಿದರೆ? ಈ ಲೆಕ್ಕದಿಂದ 1874ರಲ್ಲಿ ಕಂಪನಿ ಹುಟ್ಟಿತು. 1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿ ಎಂದು ಘೋಷಿಸಿದ ದಿನವೇ, ಗಿರಣಿ ಶುರುವಾಯಿತು. ಅದಕ್ಕೇ ಎಂಪ್ರೆಸ್ ಮಿಲ್ ಎಂಬ ಹೆಸರು.

ಗಿರಣಿಗೆ ಕೊಂಡ ಜಾಗ ಜೌಗು ನೆಲ. ಸಾಲ ಕೇಳಿದಾಗ ಇಲ್ಲಿನ ಒಬ್ಬ ಮಾರವಾಡಿ ಸಾಹುಕಾರ ಕೊಡಲಿಲ್ಲವಂತೆ. ಮಣ್ಣಿನಲ್ಲಿ ಬಂಗಾರ ಹೂಳುವವನಿಗೆ ನಾನೇಕೆ ದುಡ್ಡು ಕೊಡಲಿ ಅಂದನಂತೆ. ಗಿರಣಿ ಲಾಭಕ್ಕೆ ಬಂದ ಮೇಲೆ ಅದೇ ಸಾಹುಕಾರ, ಆತ ಹಾಕಿದ್ದು ಮಣ್ಣು, ತೆಗೆದದ್ದು ಬಂಗಾರ ಅಂತ ಒಪ್ಪಿಕೊಂಡ ಎಂಬ ಕಥೆ ಟಾಟಾ ಚರಿತ್ರೆಯಲ್ಲಿ ಬರುತ್ತದೆ.

ನನಗೆ ಇದಕ್ಕಿಂತ ಇಷ್ಟವಾದದ್ದು ಮ್ಯಾನೇಜರನ ಕಥೆ. ಟಾಟಾ ಆರಿಸಿದ್ದು ಬೇಜನ್‌ಜಿ ಮೆಹ್ತಾ ಎಂಬುವರನ್ನು. ಅವರಿಗೆ ನೂಲಿನ ಗಂಧಗಾಳಿ ಇರಲಿಲ್ಲ, ಇದ್ದದ್ದು ರೈಲ್ವೆಯ ಗೂಡ್ಸ್ ವಿಭಾಗದ ಅನುಭವ. ಸರಕು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಕೆಲಸಗಾರರನ್ನು ಹೇಗೆ ನಡೆಸಿಕೊಳ್ಳಬೇಕು, ಇಷ್ಟು ಗೊತ್ತಿದ್ದರೆ ಯಂತ್ರದ ವಿಷಯ ಕಲಿಯಬಹುದು ಎಂಬುದು ಟಾಟಾರ ನಂಬಿಕೆ. ಇಂದು ಎಂ.ಬಿ.ಎ. ಕ್ಲಾಸಿನಲ್ಲಿ 'ಜನರಲ್ ಮ್ಯಾನೇಜರ್' ಎಂದು ಪಾಠ ಮಾಡುವುದು ಇದನ್ನೇ ಅಲ್ಲವೇ? ಅದೇ ಗಿರಣಿಯಲ್ಲಿ 1886ರಲ್ಲಿ ಪಿಂಚಣಿ ನಿಧಿ ಬಂತು, 1895ರಲ್ಲಿ ಕೆಲಸದಲ್ಲಿ ಗಾಯವಾದವರಿಗೆ ಪರಿಹಾರ ಶುರುವಾಯಿತು. ಇಂಥದ್ದಕ್ಕೆ ದೇಶದಲ್ಲಿ ಕಾನೂನು ಬಂದದ್ದು ಎಷ್ಟೋ ವರ್ಷದ ಮೇಲೆ, 1923ರಲ್ಲಿ. ಹೀಗೆ ನಾಗಪುರ ಮೊದಲು ಮ್ಯಾನೇಜ್‌ಮೆಂಟ್ ಕಲಿತದ್ದು ಗಿರಣಿಯ ಅಂಗಳದಲ್ಲಿ.

ಕಾಲೇಜುಗಳು ಆಗ ಇರಲಿಲ್ಲವೆಂದಲ್ಲ. ಹಿಸ್ಲಾಪ್ ಕಾಲೇಜು 1883ರದು, ಮಾರಿಸ್ ಕಾಲೇಜು 1885ರದು. ಆದರೆ ಆ ಕಾಲದ ಕಾಲೇಜು ಓದು ಅಂದರೆ ವಕೀಲಿ, ಸರ್ಕಾರಿ ಕೆಲಸ, ಮೇಷ್ಟರ ಕೆಲಸ. ವ್ಯಾಪಾರ ಅನ್ನುವುದು ಅಪ್ಪನಿಂದ ಮಗನಿಗೆ, ಅಂಗಡಿಯ ಗಾದಿಯ ಮೇಲೆ ಕೂತು ಬರುವ ವಿದ್ಯೆ. ಕಿರ್ದಿ, ಖತಾವಣಿ ಬರೆಯುವುದನ್ನು ಮುನೀಮ ತನ್ನವರಿಗೆ ಮಾತ್ರ ಹೇಳಿಕೊಡುತ್ತಿದ್ದ. ಹೊರಗಿನವನಿಗೆ ಬಾಗಿಲು ಮುಚ್ಚಿತ್ತು. ಆ ಬಾಗಿಲನ್ನು ಸ್ವಲ್ಪ ತೆರೆದದ್ದು 1913ರಲ್ಲಿ ಮುಂಬಯಿಯಲ್ಲಿ ಶುರುವಾದ ಸಿಡನ್‌ಹ್ಯಾಮ್ ವಾಣಿಜ್ಯ ಕಾಲೇಜು.

ಅಲ್ಲೇ 1918ರಲ್ಲಿ ಅರ್ಥಶಾಸ್ತ್ರದ ಪ್ರೊಫೆಸರಾಗಿ ಸೇರಿದವರು ಡಾ. ಅಂಬೇಡ್ಕರ್. ಕೊಲಂಬಿಯಾದಲ್ಲಿ ಓದಿ ಬಂದಿದ್ದರೂ, ಪ್ರೊಫೆಸರುಗಳಿಗೆ ಇಟ್ಟಿದ್ದ ನೀರಿನ ಹೂಜಿಯಿಂದ ಅವರು ಕುಡಿಯಕೂಡದು ಎಂದು ಕೆಲವು ಸಹೋದ್ಯೋಗಿಗಳು ತಕರಾರು ತೆಗೆದರು. ವ್ಯಾಪಾರದ ವಿದ್ಯೆ ಕಾಲೇಜಿಗೆ ಬಂದಿತ್ತು, ಗಾದಿಯ ಮಡಿಯೂ ಜೊತೆಯಲ್ಲೇ ಬಂದಿತ್ತು.

ಮುಂದಿನ ಹೆಜ್ಜೆ ನಮ್ಮ ವಿದರ್ಭದ್ದು. ವರ್ಧಾದ ಜಮನಾಲಾಲ್ ಬಜಾಜ್ ಅವರ ಹೆಸರು ಎಲ್ಲರಿಗೂ ಗೊತ್ತು. ಗಾಂಧೀಜಿಯನ್ನು ವರ್ಧಾಕ್ಕೆ ಕರೆತಂದವರು, ಅವರದೂ ಹತ್ತಿಯ ವ್ಯಾಪಾರ. ಅವರು 1914ರಲ್ಲಿ ಕಟ್ಟಿದ ಶಿಕ್ಷಾ ಮಂಡಲ 1940ರಲ್ಲಿ ವರ್ಧಾದಲ್ಲಿ ಒಂದು ವಾಣಿಜ್ಯ ಕಾಲೇಜು ತೆರೆಯಿತು. ಅದಕ್ಕೆ ಇಟ್ಟದ್ದು ಗೋವಿಂದರಾಮ್ ಸೇಕ್ಸರಿಯಾ ಅವರ ಹೆಸರು. ಅವರು ಮುಂಬಯಿಯ ಹತ್ತಿ ಪೇಟೆಯ ದೊಡ್ಡ ಕುಳ, ಜನ 'ಕಾಟನ್ ಕಿಂಗ್' ಅನ್ನುತ್ತಿದ್ದರು. ಅದೇ ಹೆಸರಿನ ಕಾಲೇಜು 1945ರಲ್ಲಿ ನಾಗಪುರದಲ್ಲೂ ಶುರುವಾಯಿತು. ಜಿ.ಎಸ್. ಕಾಲೇಜ್ ಆಫ್ ಕಾಮರ್ಸ್ ಅಂದರೆ ಇಂದಿಗೂ ಇಲ್ಲಿ ಆಟೋದವರಿಗೆ ಗೊತ್ತು.

ವರ್ಧಾ ಕಾಲೇಜಿನ ಪ್ರಿನ್ಸಿಪಾಲರಾಗಿದ್ದವರು ಶ್ರೀಮನ್ ನಾರಾಯಣ ಅಗರವಾಲ್. 1944ರಲ್ಲಿ ದೊಡ್ಡ ಉದ್ಯಮಿಗಳು 'ಬಾಂಬೆ ಪ್ಲಾನ್' ಎಂದು ಸ್ವತಂತ್ರ ಭಾರತಕ್ಕೆ ಆರ್ಥಿಕ ಯೋಜನೆ ಮುಂದಿಟ್ಟಾಗ, ಇವರು 'ಗಾಂಧಿಯನ್ ಪ್ಲಾನ್' ಬರೆದು ಹಳ್ಳಿಯಿಂದ ಶುರುವಾಗುವ ಇನ್ನೊಂದು ದಾರಿ ತೋರಿಸಿದರು. ಬಿ.ಕಾಂ ಕಲಿಸುವ ಕಾಲೇಜಿನ ಕೋಣೆಯಿಂದ ಇಂಥ ಪ್ರಶ್ನೆ ಎದ್ದಿತ್ತು ಎನ್ನುವುದನ್ನು ನಾವು ಮರೆತೇ ಬಿಟ್ಟಿದ್ದೇವೆ.

ನಮ್ಮ ಕಡೆಯೂ ಹೀಗೇ ಆಯಿತು ನೋಡಿ. ಹತ್ತಿ ಪೇಟೆಯ ಹುಬ್ಬಳ್ಳಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಜೆ.ಜಿ. ವಾಣಿಜ್ಯ ಕಾಲೇಜು ಬಂದದ್ದು 1947ರಲ್ಲಿ.

1956ರ ಅಕ್ಟೋಬರ್ 14ರಂದು ಅಂಬೇಡ್ಕರ್ ನಾಗಪುರದಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡರು. ಆ ದೀಕ್ಷಾಭೂಮಿಯಲ್ಲೇ 1964ರಲ್ಲಿ ಡಾ. ಅಂಬೇಡ್ಕರ್ ಕಾಲೇಜು ಶುರುವಾಯಿತು. ಇಂದು ಅಲ್ಲಿ ವಾಣಿಜ್ಯವೂ ಉಂಟು, ಮ್ಯಾನೇಜ್‌ಮೆಂಟ್ ಸಂಸ್ಥೆಯೂ ಉಂಟು. ಹೂಜಿಯ ನೀರು ಕುಡಿಯಬೇಡ ಅನ್ನಿಸಿಕೊಂಡ ಪ್ರೊಫೆಸರರ ಹೆಸರಿನಲ್ಲಿ, ಗಾದಿಯ ಹತ್ತಿರವೂ ಬಿಟ್ಟುಕೊಳ್ಳದಿದ್ದ ಮನೆಗಳ ಮಕ್ಕಳು ಬ್ಯಾಲೆನ್ಸ್ ಶೀಟ್ ಓದುತ್ತಾರೆ. ಇದಕ್ಕಿಂತ ದೊಡ್ಡ ಬದಲಾವಣೆ ಈ ಊರಿನ ವಾಣಿಜ್ಯ ಶಿಕ್ಷಣದಲ್ಲಿ ಆಗಿಲ್ಲ ಎಂದೇ ನನ್ನ ಅಭಿಪ್ರಾಯ.

ಇನ್ನು ನಮ್ಮವರ ಪಾಲು. ಇಲ್ಲಿಗೆ ಬಂದ ಕನ್ನಡಿಗರಲ್ಲಿ ಬಹಳ ಮಂದಿ ಸರ್ಕಾರಿ ಲೆಕ್ಕದ ಕಚೇರಿಯವರು, ರೈಲ್ವೆಯವರು, ಬ್ಯಾಂಕಿನವರು. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ, ಈ ನಾಲ್ಕೂ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳು. ಈಗ ಕೆನರಾ ಮಾತ್ರ ಆ ಹೆಸರಿನಲ್ಲಿ ಉಳಿದಿದೆ, ಉಳಿದವು 2019-20ರಲ್ಲಿ ವಿಲೀನವಾದವು. ಪಿ.ಯು.ಸಿ. ಅಥವಾ ಬಿ.ಎ. ಮುಗಿಸಿ ಗುಮಾಸ್ತರಾಗಿ ಬಂದವರು ಹಗಲೆಲ್ಲ ಕೌಂಟರಿನಲ್ಲಿ ಕೂತು, ರಾತ್ರಿ ಸಿ.ಎ.ಐ.ಐ.ಬಿ. ಪರೀಕ್ಷೆಗೆ ಓದುತ್ತಿದ್ದರು. 1928ರಲ್ಲಿ ಶುರುವಾದ ಬ್ಯಾಂಕರುಗಳ ಸಂಸ್ಥೆ ನಡೆಸುತ್ತಿದ್ದ ಪರೀಕ್ಷೆ ಅದು. ಪಾಸಾದರೆ ಸಂಬಳದಲ್ಲಿ ಇನ್‌ಕ್ರಿಮೆಂಟ್, ಮುಂದೆ ಆಫೀಸರ್ ಆಗುವ ಆಸೆ. ಯಾವ ಕ್ಯಾಂಪಸ್ಸೂ ಇಲ್ಲ, ಕಾನ್ವೊಕೇಶನ್ ಫೋಟೋ ಕೂಡ ಇಲ್ಲ. ಆದರೆ ಸಾಲ ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಅನ್ನುವುದನ್ನು ಇವರಿಗಿಂತ ಚೆನ್ನಾಗಿ ಬಲ್ಲವರನ್ನು ನಾನು ಕಂಡಿಲ್ಲ.

ಅಮೆರಿಕದಲ್ಲಿರುವ ನಮ್ಮವರು ಕಮ್ಯುನಿಟಿ ಕಾಲೇಜು ಅಂತ ಹೇಳುತ್ತಿರುತ್ತಾರೆ. ಮನೆ ಹತ್ತಿರ, ಫೀಸು ಕಡಿಮೆ, ಕೆಲಸ ಮಾಡುತ್ತಲೇ ಓದಬಹುದು. ಅಲ್ಲಿ 1901ರಲ್ಲಿ ಇಲಿನಾಯ್‌ನ ಜೋಲಿಯೆಟ್‌ನಲ್ಲಿ ಅಂಥದ್ದು ಶುರುವಾಯಿತು. ನಮ್ಮಲ್ಲಿ ಆ ಹೆಸರು ಬಂದದ್ದು 1995ರಲ್ಲಿ, ಪುದುಚೇರಿಯಲ್ಲಿ. ಹೆಸರು ತಡವಾದರೂ ಕೆಲಸ ಮೊದಲೇ ನಡೆದಿತ್ತು. 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದಾಗ ಅಂಬೇಡ್ಕರ್ ಬೆಳಗಿನ ಹೊತ್ತು ತರಗತಿ ಇಡಿಸಿದರು, ದುಡಿಯುವ ಹುಡುಗರೂ ಓದಲಿ ಅಂತ. 1985ರಲ್ಲಿ ಇಗ್ನೋ ಬಂತು, 1989ರಲ್ಲಿ ನಾಸಿಕದ ಮುಕ್ತ ವಿಶ್ವವಿದ್ಯಾಲಯ, 1996ರಲ್ಲಿ ಮೈಸೂರಿನದು. ಅಂಗಡಿ ಮುಚ್ಚಿ, ಕಚೇರಿ ಮುಗಿಸಿ ಓದಿದವರಿಗೆ ಡಿಗ್ರಿ ಸಿಗತೊಡಗಿತು.

ಎಂಪ್ರೆಸ್ ಮಿಲ್ 2002ರಲ್ಲಿ ಪೂರ್ತಿ ಮುಚ್ಚಿತು. ಪಿಂಚಣಿ ನಿಧಿ ಕಂಡ ಅಂಗಳದಲ್ಲಿ ಮಾಲ್ ಎದ್ದಿತು. ಹತ್ತಿ ಬೆಳೆಯುವ ವಿದರ್ಭದ ರೈತನ ಆತ್ಮಹತ್ಯೆಯ ಸುದ್ದಿ ಎರಡು ದಶಕದಿಂದ ಪತ್ರಿಕೆಯಲ್ಲಿ ಬರುತ್ತಲೇ ಇದೆ. ಹತ್ತಿಯ ದುಡ್ಡಿನಿಂದ ಹುಟ್ಟಿದ ವಿದ್ಯೆ ಹತ್ತಿ ಬೆಳೆದವನ ಮನೆಗೆ ಮಾತ್ರ ಹೋಗಿ ಮುಟ್ಟಲಿಲ್ಲ. ಶ್ರೀಮನ್ ನಾರಾಯಣರು 1944ರಲ್ಲಿ ಕೇಳಿದ್ದ ಪ್ರಶ್ನೆಯೂ ಹೆಚ್ಚುಕಡಿಮೆ ಇದೇ.

ಆದ್ದರಿಂದ ಊರಿನಿಂದ ಫೋನ್ ಮಾಡಿ ಐಐಎಂ ಹೇಗಿದೆ ಅಂತ ಕೇಳುವವರಿಗೆ ನಾನು ಹೇಳುವುದಿಷ್ಟೇ: ಚೆನ್ನಾಗಿದೆ, ಸೀಟು ಸಿಕ್ಕರೆ ಖಂಡಿತ ಕಳಿಸಿ. ಸಿಗದಿದ್ದರೆ ಬೇಜಾರು ಬೇಡ, ಹಗಲು ದುಡಿದು ರಾತ್ರಿ ಓದಿದವರೇ ಈ ಊರಿನ ಎಷ್ಟೋ ಕಚೇರಿಗಳನ್ನು ನಡೆಸಿದ್ದಾರೆ. ಸೀಟು ಸಿಕ್ಕಿ ಹುಡುಗ ಇಲ್ಲಿಗೆ ಬಂದರೆ, ಒಂದು ಭಾನುವಾರ ನಮ್ಮನೆಗೆ ಊಟಕ್ಕೆ ಬರಲಿ. ಊಟ ಆದ ಮೇಲೆ ಅವನನ್ನು ದೀಕ್ಷಾಭೂಮಿಗೂ, ಕಳಮನೆಯ ಧಾನ್ಯದ ಮಾರುಕಟ್ಟೆಗೂ ಕರೆದುಕೊಂಡು ಹೋಗುವ ಜವಾಬ್ದಾರಿ ನನ್ನದು.