ಹಳದಿ ಪುಸ್ತಕ

ಕುಶಾಲನಗರದ ಸೇತುವೆಯ ಕೆಳಗೆ ಹರಿದ ಕಾವೇರಿ ಕಣಿವೆ, ಕೊಣನೂರು, ರಾಮನಾಥಪುರಗಳನ್ನು ದಾಟಿ ನಮ್ಮೂರು ಚುಂಚನಕಟ್ಟೆಗೆ ಬಂದು ಧುಮುಕುತ್ತದೆ. ಆ ಸೇತುವೆಯ ಆಚೆ ಕೊಡಗು, ಈಚೆ ನಮ್ಮ ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕು. ಈಚೆ ಕಡೆಯಿಂದ ಸ್ವಲ್ಪ ಒಳಗೆ ಹೋದರೆ ಬೈಲಕುಪ್ಪೆಯ ಟಿಬೆಟಿಯನ್ ಕ್ಯಾಂಪುಗಳು. ಮೈಸೂರಿನಲ್ಲಿ ನನ್ನ ಜೊತೆ ಎಂ.ಎಸ್ಸಿ. ಓದುತ್ತಿದ್ದ ಬೈಲಕುಪ್ಪೆಯ ಗೆಳೆಯ ಸಂಕ್ರಾಂತಿಯ ದನಗಳ ಜಾತ್ರೆಗೆ ನಮ್ಮೂರಿಗೆ ಬಂದಾಗಲೆಲ್ಲ ಜಲಪಾತದ ಎದುರು ನಿಂತು ಒಂದೇ ಮಾತು ಹೇಳುತ್ತಿದ್ದ: ‘ನಾವು ಮಿಂದು ಬಿಟ್ಟ ನೀರನ್ನ ನೀವು ಇಲ್ಲಿ ತೀರ್ಥ ಅಂತ ತಗೊಳ್ತೀರಿ.’ ಅವನ ಕನ್ನಡ ನನ್ನದಕ್ಕಿಂತ ಅಪ್ಪಟ ಪಿರಿಯಾಪಟ್ಟಣದ್ದು.

2002ರಲ್ಲಿ ನಮ್ಮಿಬ್ಬರಿಗೂ ಹೊರದೇಶದಲ್ಲಿ ಓದಲು ಸೀಟು ಸಿಕ್ಕಿತು. ವಿದ್ಯಾರ್ಥಿ ವೀಸಾಕ್ಕೆ ಕಾಗದಪತ್ರ ಜೋಡಿಸುವ ಕೆಲಸ ಶುರುವಾಯಿತು. ನನ್ನ ಕಡತ ದಿನದಿಂದ ದಿನಕ್ಕೆ ದಪ್ಪವಾಗುತ್ತಾ ಹೋಯಿತು. ಅಪ್ಪನ ಹೆಸರಿನ ಪಹಣಿ, ಕಂದಾಯ ಕಟ್ಟಿದ ರಸೀದಿ, ತಹಶೀಲ್ದಾರರ ಆದಾಯ ಪ್ರಮಾಣಪತ್ರ, ಶ್ರೀರಾಮ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆದ ಚೀಟಿಗಳು, ಹುಣಸೂರು ಕಡೆ ಹೊಗೆಸೊಪ್ಪು ಬೆಳೆಯುತ್ತಿದ್ದ ಚಿಕ್ಕಪ್ಪನ ಹರಾಜಿನ ಪಟ್ಟಿ, ಬ್ಯಾಂಕಿನ ಸಾಲಪತ್ರ. ಇಷ್ಟೆಲ್ಲ ಯಾಕೆ ಎಂದು ಕೇಳಿದ್ದಕ್ಕೆ, ಅರ್ಜಿ ತುಂಬಿಸಿಕೊಡುತ್ತಿದ್ದ ಮೈಸೂರಿನ ಹಿರಿಯರೊಬ್ಬರು ಹೇಳಿದರು: ‘ದುಡ್ಡಿದೆ ಅಂತ ತೋರಿಸೋದು ಸುಲಭ ಕಣಯ್ಯ. ವಾಪಸ್ ಬರ್ತೀನಿ ಅಂತ ತೋರಿಸೋದು ಕಷ್ಟ. ಪಹಣಿ ಇರೋದು ಅದಕ್ಕೆ.’

ಗೆಳೆಯನ ಕಡತ ತೆಳ್ಳಗೇ ಉಳಿಯಿತು. ಅವರ ಮನೆಯವರು ಉಳುತ್ತಿದ್ದ ಜೋಳದ ಹೊಲಕ್ಕೆ ಅವರ ಹೆಸರಿನ ಪಹಣಿ ಇರಲಿಲ್ಲ. ಆ ಭೂಮಿ ಕ್ಯಾಂಪಿಗೆ ಸರ್ಕಾರ ಕೊಟ್ಟದ್ದು. ಅವನ ಹತ್ತಿರ ಪಾಸ್‌ಪೋರ್ಟೂ ಇರಲಿಲ್ಲ, ಸಿಗುವಂತೆಯೂ ಇರಲಿಲ್ಲ. ಬೈಲಕುಪ್ಪೆಯಲ್ಲೇ 1979ರಲ್ಲಿ ಹುಟ್ಟಿದವನಾದರೂ ವರ್ಷಕ್ಕೊಮ್ಮೆ ಪೊಲೀಸ್ ಇಲಾಖೆಯಲ್ಲಿ ನವೀಕರಿಸಿಕೊಳ್ಳಬೇಕಾದ ನೋಂದಣಿ ಪತ್ರವೊಂದು ಅವನ ಜೇಬಿನಲ್ಲಿತ್ತು. ಅದರ ಪ್ರಕಾರ ಅವನು ವಿದೇಶಿಯ. ಹೊರದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟಿನ ಬದಲು ಭಾರತ ಸರ್ಕಾರ ಕೊಡುವ ಗುರುತಿನ ಪ್ರಮಾಣಪತ್ರ ಬೇಕು. ಹಳದಿ ರಟ್ಟಿನ ಆ ಪುಸ್ತಿಕೆಯನ್ನು ಟಿಬೆಟಿಯನ್ನರು ‘ಐಸಿ’ ಎನ್ನುತ್ತಾರೆ, ಇಲ್ಲವೇ ‘ಹಳದಿ ಪುಸ್ತಕ’. ದೆಹಲಿಯಲ್ಲಿರುವ ದಲೈಲಾಮಾ ಅವರ ಬ್ಯೂರೋ ಮೂಲಕ ಅರ್ಜಿ ಹಾಕಿ ಅವನು ಕಾದ. ಕಡತ ಯಾವುದೋ ಒಂದು ಕಚೇರಿಯ ಮೇಜಿನ ಮೇಲೆ ನಿಂತಿತು. ನಾನು ವಿಮಾನ ಹತ್ತಿದ ದಿನವೂ ಅವನ ಪುಸ್ತಕ ಬಂದಿರಲಿಲ್ಲ. ಬಂದಾಗ ತರಗತಿಗಳು ಶುರುವಾಗಿ ಎರಡು ತಿಂಗಳಾಗಿತ್ತು. ಆ ಸೀಟು ಹೋಯಿತು.

ಅವನಿಗೆ ನತದೃಷ್ಟ ಎಂದುಕೊಂಡು ನಾನು ಸುಮ್ಮನಾದೆ. ಅದು ಅದೃಷ್ಟದ ಪ್ರಶ್ನೆಯಲ್ಲ, ಚರಿತ್ರೆಯ ಪ್ರಶ್ನೆ ಎಂದು ತಿಳಿಯಲು ನನಗೆ ಎಷ್ಟೋ ವರ್ಷ ಬೇಕಾಯಿತು.

ವೀಸಾ ಕಾನೂನು ವಿದ್ಯಾರ್ಥಿಯನ್ನು ಹೇಗೆ ನೋಡುತ್ತದೆ ಎಂಬುದನ್ನು ಮೊದಲು ಹೇಳಬೇಕು. ಉದಾಹರಣೆಗೆ ಅಮೆರಿಕದ 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆ. ಅದರ ಪ್ರಕಾರ ಓದಲು ಬರುವವನಿಗೆ ಹೊರದೇಶದಲ್ಲಿ ಒಂದು ಮನೆ ಇರಬೇಕು, ಅದನ್ನು ತೊರೆಯುವ ಉದ್ದೇಶ ಅವನಿಗೆ ಇರಬಾರದು. ವೀಸಾ ಕೇಳಲು ಬಂದವರೆಲ್ಲ ಅಲ್ಲೇ ನೆಲೆಸಲು ಬರುವವರು ಎಂದೇ ಕಾನೂನು ಮೊದಲು ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಅರ್ಜಿದಾರನದು. ಅಂದರೆ ವಿದ್ಯಾರ್ಥಿ ವೀಸಾದ ಬುಡದಲ್ಲಿರುವುದು ಓದಿನ ಪ್ರಶ್ನೆಯಲ್ಲ, ಮನೆಯ ಪ್ರಶ್ನೆ. ‘ನಿನ್ನ ಮನೆ ಎಲ್ಲಿ?’ ಚುಂಚನಕಟ್ಟೆಯವನಾದ ನನಗೆ ಆ ಪ್ರಶ್ನೆ ಪ್ರಶ್ನೆಯೇ ಆಗಿರಲಿಲ್ಲ.

ಬೈಲಕುಪ್ಪೆಗೆ ಗೆಳೆಯನ ಮನೆ ಬಂದದ್ದು ಹೀಗೆ. 1959ರ ಮಾರ್ಚ್‌ನಲ್ಲಿ ದಲೈಲಾಮಾ ಲಾಸಾ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆಯೇ ಸಾವಿರಾರು ಜನ ಬಂದರು. ಹಿಮಾಲಯದ ರಸ್ತೆ ಕಾಮಗಾರಿಗಳಲ್ಲಿ ಕಲ್ಲೊಡೆಯುವುದು ಅವರಲ್ಲಿ ಅನೇಕರಿಗೆ ಸಿಕ್ಕಿದ ಮೊದಲ ಕೆಲಸ. ಅವರನ್ನು ನೆಲೆಗೊಳಿಸಲು ಭೂಮಿ ಕೊಡಿ ಎಂದು ನೆಹರೂ ಸರ್ಕಾರ ರಾಜ್ಯಗಳನ್ನು ಕೇಳಿದಾಗ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡು ಕೊಟ್ಟಿತು. ದಕ್ಷಿಣ ಭಾರತದ ಮೊದಲ ಟಿಬೆಟಿಯನ್ ನೆಲೆ ಅದು. ರಾಜ್ಯದ ಆ ಔದಾರ್ಯಕ್ಕಾಗಿ ಟಿಬೆಟಿಯನ್ನರು ಎಸ್. ನಿಜಲಿಂಗಪ್ಪನವರ ಹೆಸರನ್ನು ಈಗಲೂ ನೆನೆಯುತ್ತಾರೆ. ಗೆಳೆಯನ ಅಪ್ಪ ಆಗ ಹದಿನೈದರ ಹುಡುಗ, ಅಮ್ಮ ಒಂಬತ್ತರ ಹುಡುಗಿ. ಚಳಿ ನಾಡಿನಿಂದ ಬಂದವರು ಆನೆಗಳ ಕಾಡಿನಲ್ಲಿ ಡೇರೆ ಹಾಕಿಕೊಂಡು ಮರ ಕಡಿದರು, ಬೊಂಬು ಸುಟ್ಟರು, ಜೋಳ ಬಿತ್ತಿದರು.

ಆಮೇಲೆ ಬಂದವರಿಗೆ ಇನ್ನಷ್ಟು ನೆಲೆಗಳಾದವು. 1966ರಲ್ಲಿ ಮುಂಡಗೋಡು, 1970ರ ದಶಕದಲ್ಲಿ ಹುಣಸೂರಿನ ಗುರುಪುರ ಮತ್ತು ಕೊಳ್ಳೇಗಾಲದ ಕಡೆಯ ಶಿಬಿರ. ನಮ್ಮ ಹಳ್ಳಿಗಳಲ್ಲಿ ಸ್ವಸಹಾಯ ಸಂಘಗಳ ಮೂಲಕ ಎಲ್ಲರಿಗೂ ಗೊತ್ತಿರುವ ‘ಮೈರಾಡ’ ಸಂಸ್ಥೆ 1968ರಲ್ಲಿ ಹುಟ್ಟಿದ್ದೇ ಈ ಪುನರ್ವಸತಿ ಕೆಲಸಕ್ಕಾಗಿ. ಹೆಸರನ್ನು ಬಿಡಿಸಿದರೆ ಅದು ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ. ಟಿಬೆಟಿಯನ್ ಮಕ್ಕಳ ಶಾಲೆಗಳಿಗಾಗಿ ಕೇಂದ್ರ ಸರ್ಕಾರ 1961ರಲ್ಲೇ ಪ್ರತ್ಯೇಕ ಸಂಸ್ಥೆ ಕಟ್ಟಿತ್ತು. ಗೆಳೆಯ ಓದಿದ್ದು ಅಂಥ ಶಾಲೆಯಲ್ಲೇ.

ಭೂಮಿ, ಶಾಲೆ, ಪಡಿತರ ಎಲ್ಲವನ್ನೂ ಕೊಟ್ಟ ದೇಶ ಒಂದು ವಿಷಯದಲ್ಲಿ ಮಾತ್ರ ಕೈ ಬಿಗಿಹಿಡಿಯಿತು. ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಹಾಗಾಗಿ ಟಿಬೆಟಿಯನ್ನರನ್ನು ನೋಡಿಕೊಂಡದ್ದು 1939ರ ವಿದೇಶಿಯರ ನೋಂದಣಿ ಕಾಯ್ದೆ ಮತ್ತು 1946ರ ವಿದೇಶಿಯರ ಕಾಯ್ದೆ. ಎರಡೂ ಬ್ರಿಟಿಷರ ಕಾಲದವು. 2025ರಲ್ಲಿ ಅವುಗಳ ಜಾಗಕ್ಕೆ ಹೊಸ ಕಾಯ್ದೆ ಬಂದಿದೆ.

ಪ್ರಯಾಣಕ್ಕೆ ಮಾತ್ರ ಹಳದಿ ಪುಸ್ತಕ. ಇಂಥ ಪುಸ್ತಕ ಭಾರತದ ಕಲ್ಪನೆಯೇನಲ್ಲ. ಮೊದಲ ಮಹಾಯುದ್ಧದ ನಂತರ ದೇಶ ಕಳೆದುಕೊಂಡ ರಷ್ಯನ್ನರಿಗಾಗಿ ನಾರ್ವೆಯ ಫ್ರಿಟ್‌ಜಾಫ್ ನಾನ್ಸೆನ್ 1922ರಲ್ಲಿ ಇಂಥದೇ ಒಂದು ಪತ್ರವನ್ನು ರೂಪಿಸಿದರು. ಸಂಗೀತಗಾರ ಸ್ಟ್ರಾವಿನ್‌ಸ್ಕಿ, ಕಾದಂಬರಿಕಾರ ನಬೊಕೊವ್ ಇಬ್ಬರೂ ಆ ‘ನಾನ್ಸೆನ್ ಪಾಸ್‌ಪೋರ್ಟ್’ ಹಿಡಿದು ಓಡಾಡಿದವರು. ‘ಈತ ಇಂಥವನು’ ಎಂದು ಹೇಳುವ ಆ ಪತ್ರ ‘ಈತ ನಮ್ಮವನು’ ಎಂದು ಹೇಳುವುದಿಲ್ಲ. ಹಳದಿ ಪುಸ್ತಕದ್ದೂ ಅದೇ ಕತೆ. ಅದನ್ನು ಹಿಡಿದು ಹೊರಡಲು ನಿರ್ಗಮನದ ಅನುಮತಿ ಬೇಕು. ಮರಳಲು ‘ಈತ ಭಾರತಕ್ಕೆ ಮರಳಲು ಆಕ್ಷೇಪವಿಲ್ಲ’ ಎಂಬ ಮುದ್ರೆಯೂ ಮರುಪ್ರವೇಶದ ವೀಸಾವೂ ಬೇಕು. ಓದು ಮುಗಿದ ಮೇಲೆ ಮನೆಗೆ ಮರಳುತ್ತೇನೆ ಎಂದು ವೀಸಾ ಅಧಿಕಾರಿಗೆ ನಂಬಿಸಬೇಕಾದ ಹುಡುಗನಿಗೆ ಆ ಮನೆಯೊಳಗೆ ಬರಲು ವೀಸಾ!

ಹೀಗಿದ್ದೂ ಹೋಗಿ ಓದಿ ಬಂದವರಿದ್ದಾರೆ. ಅಮೆರಿಕ ಸರ್ಕಾರದ ನೆರವಿನಿಂದ 1988ರಲ್ಲಿ ಟಿಬೆಟಿಯನ್ ವಿದ್ಯಾರ್ಥಿವೇತನ ಶುರುವಾಯಿತು. ಅದರಲ್ಲಿ ಓದಿದ ಅನೇಕರು ಮರಳಿ ಬಂದು ಶಾಲೆ, ಆಸ್ಪತ್ರೆ, ಕ್ಯಾಂಪಿನ ಆಡಳಿತದಲ್ಲಿ ಸೇರಿಕೊಂಡರು. ಗೆಳೆಯನಿಗೆ ಗಣಿತ ಕಲಿಸಿದ ಮೇಷ್ಟ್ರು ಅವರಲ್ಲೊಬ್ಬರು. ಮರಳುವ ಮಾತನ್ನು ಅವರು ಉಳಿಸಿಕೊಂಡರು. ಮರಳಿದ್ದು ತಮ್ಮನ್ನು ವಿದೇಶಿಯರೆಂದು ಬರೆದಿಟ್ಟುಕೊಂಡಿದ್ದ ಊರಿಗೆ.

ಇಲ್ಲಿ ನಮ್ಮ ಅಜ್ಜಂದಿರ ಮಾತೊಂದನ್ನು ಸೇರಿಸಬೇಕು. ನಾವು ಮೈಸೂರಿನವರು ಪಾಸ್‌ಪೋರ್ಟಿಗೆ ಹುಟ್ಟಿನಿಂದಲೇ ಹಕ್ಕುದಾರರು ಎಂದುಕೊಳ್ಳುತ್ತೇವೆ. 1947ರವರೆಗೆ ಮೈಸೂರು ಸಂಸ್ಥಾನದಲ್ಲಿ ಹುಟ್ಟಿದವರು ಮದರಾಸಿನಲ್ಲೋ ಧಾರವಾಡದಲ್ಲೋ ಹುಟ್ಟಿದವರಂತೆ ಬ್ರಿಟಿಷ್ ಪ್ರಜೆಗಳೂ ಆಗಿರಲಿಲ್ಲ. ಕಾನೂನಿನ ಭಾಷೆಯಲ್ಲಿ ಅವರು ‘ಬ್ರಿಟಿಷ್ ರಕ್ಷಿತ ವ್ಯಕ್ತಿ’ಗಳು. ಯಾರದೋ ರಕ್ಷಣೆಯಲ್ಲಿರುವವರು, ಅವರ ಪ್ರಜೆಗಳಲ್ಲ. 1922ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಇಂಜಿನಿಯರಿಂಗ್ ಓದಲು ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೊರಟದ್ದು 1947ರ ಜುಲೈನಲ್ಲಿ, ಸೈನಿಕರನ್ನು ಸಾಗಿಸುತ್ತಿದ್ದ ಹಳೆಯ ಹಡಗಿನಲ್ಲಿ. ಸ್ವಾತಂತ್ರ್ಯಕ್ಕೆ ಆಗ ಕೆಲವೇ ವಾರಗಳು ಉಳಿದಿದ್ದವು. 1953ರಲ್ಲಿ ಡಾಕ್ಟರೇಟ್ ಪಡೆದು ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳುವ ಹೊತ್ತಿಗೆ ಸಂಸ್ಥಾನವೇ ಇರಲಿಲ್ಲ, ಸಂವಿಧಾನವಿತ್ತು. ಹಿಂದಿನ ತಲೆಮಾರಿನ ರಕ್ಷಿತರು ಯಾವ ಅರ್ಜಿಯನ್ನೂ ಹಾಕದೆ ಪ್ರಜೆಗಳಾಗಿದ್ದರು. ಗೆಳೆಯನ ಅಪ್ಪ ಬೈಲಕುಪ್ಪೆಯಲ್ಲಿ ಮರ ಕಡಿಯಲು ಶುರುಮಾಡಿದಾಗ ನಮಗೆ ಪೌರತ್ವ ಬಂದು ಹತ್ತೇ ವರ್ಷವಾಗಿತ್ತು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. 1955ರ ಪೌರತ್ವ ಕಾಯ್ದೆಯ ಮೂರನೇ ಸೆಕ್ಷನ್ ಮೊದಲು ಬಹಳ ಸರಳವಾಗಿತ್ತು. 1950ರ ಜನವರಿ 26ರ ನಂತರ ಭಾರತದಲ್ಲಿ ಹುಟ್ಟಿದವರು, ರಾಯಭಾರಿಗಳ ಮಕ್ಕಳಂಥ ಕೆಲವರನ್ನು ಬಿಟ್ಟರೆ, ಭಾರತದ ಪ್ರಜೆಗಳು. ಅಪ್ಪ ಅಮ್ಮ ಯಾರು ಎಂದು ಅದು ಕೇಳಲಿಲ್ಲ. ಆ ಪ್ರಶ್ನೆಯನ್ನು ಸೇರಿಸಿದ್ದು 1986ರ ತಿದ್ದುಪಡಿ. ಅದು ಜಾರಿಗೆ ಬಂದದ್ದು 1987ರ ಜುಲೈ 1ರಂದು. ಅಲ್ಲಿಂದೀಚೆಗೆ ಹುಟ್ಟಿದವರ ತಂದೆ ತಾಯಿಯರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು.

1986ರಲ್ಲಿ ಹಿಮಾಚಲದ ಕಾಂಗ್ಡಾದಲ್ಲಿ ಹುಟ್ಟಿದ ನಮ್‌ಗ್ಯಾಲ್ ಡೋಲ್ಕರ್ ಎಂಬ ಟಿಬೆಟಿಯನ್ ಯುವತಿಗೆ ಪಾಸ್‌ಪೋರ್ಟ್ ನಿರಾಕರಿಸಿದಾಗ ಆಕೆ ಈ ಸೆಕ್ಷನ್ ಹಿಡಿದು ದೆಹಲಿ ಹೈಕೋರ್ಟಿಗೆ ಹೋದಳು. 2010ರ ಡಿಸೆಂಬರ್ 22ರಂದು ನ್ಯಾಯಮೂರ್ತಿ ಎಸ್. ಮುರಳೀಧರ್ ತೀರ್ಪು ಕೊಟ್ಟರು. ಆಕೆ ಹುಟ್ಟಿನಿಂದಲೇ ಭಾರತೀಯಳು. ಹಿಂದೆ ಅರ್ಜಿಗಳಲ್ಲಿ ‘ಟಿಬೆಟಿಯನ್’ ಎಂದು ಬರೆದುಕೊಂಡಿದ್ದರಿಂದ ಆ ಹಕ್ಕು ಹೋಗುವುದಿಲ್ಲ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಲಿಂಗ್ ರಿನ್‌ಪೋಚೆ ಅವರ ಪ್ರಕರಣದಲ್ಲಿ ಇದೇ ದಾರಿ ಹಿಡಿಯಿತು. 2014ರಲ್ಲಿ ಚುನಾವಣಾ ಆಯೋಗ ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ಹೇಳಿತು. 2016ರಲ್ಲಿ ದೆಹಲಿ ಹೈಕೋರ್ಟ್ ಮತ್ತೊಮ್ಮೆ ಸ್ಪಷ್ಟಪಡಿಸಿದ ಮೇಲೆ, 2017ರಲ್ಲಿ ವಿದೇಶಾಂಗ ಇಲಾಖೆ ಪಾಸ್‌ಪೋರ್ಟ್ ಕೊಡಲು ತನ್ನ ಕಚೇರಿಗಳಿಗೆ ಸೂಚಿಸಿತು.

ಪತ್ರಿಕೆಯಲ್ಲಿ ಇದನ್ನು ಓದಿದ ದಿನ ನಾನು ಗೆಳೆಯನಿಗೆ ಫೋನ್ ಮಾಡಿದೆ. ಅವನು 1979ರಲ್ಲಿ ಹುಟ್ಟಿದವನು. ಹಾಗಾದರೆ 2002ರಲ್ಲಿ ಹಳದಿ ಪುಸ್ತಕಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದಾಗಲೂ ಅವನು ಭಾರತದ ಪ್ರಜೆಯೇ! ಯಾರೂ ಹೊಸದಾಗಿ ಏನನ್ನೂ ಕೊಟ್ಟಿರಲಿಲ್ಲ. ಇದ್ದದ್ದನ್ನು ಓದಿ ಹೇಳಿದ್ದರು, ಅಷ್ಟೇ. ನನ್ನದೇ ಸಾಲಿನಲ್ಲಿ ನನ್ನಷ್ಟೇ ಹಕ್ಕಿನಿಂದ ನಿಲ್ಲಬೇಕಿದ್ದವನು ಹದಿನೈದು ವರ್ಷ ತಡವಾಗಿ ಅದನ್ನು ಕೇಳಿಸಿಕೊಂಡ. ‘ಈಗ ಯಾವ ಕಾಲೇಜು ಸೇರಿಸ್ಕೊಳ್ತದೆ ನನ್ನ?’ ಎಂದು ನಕ್ಕ.

ಪಾಸ್‌ಪೋರ್ಟಿಗೆ ಷರತ್ತುಗಳಿದ್ದವು. ನೋಂದಣಿ ಪತ್ರವನ್ನೂ ಹಳದಿ ಪುಸ್ತಕವನ್ನೂ ರದ್ದು ಮಾಡಿಸಬೇಕು. ಟಿಬೆಟಿಯನ್ ನೆಲೆಯಲ್ಲಿ ವಾಸವಿರಬಾರದು. ನಿರಾಶ್ರಿತರಿಗೆ ಸಿಗುವ ಸವಲತ್ತುಗಳನ್ನು ಬಿಟ್ಟೆ ಎಂದು ಬರೆದುಕೊಡಬೇಕು. ಅಪ್ಪ ತೀರಿಕೊಂಡಿದ್ದರು. ಅಮ್ಮ ಕ್ಯಾಂಪಿನ ಮನೆ ಬಿಟ್ಟು ಬರಲು ಒಪ್ಪಲಿಲ್ಲ. ಮಗಳ ಓದಿನ ಯೋಚನೆಯಲ್ಲಿ ಒಂದು ವರ್ಷ ಕಳೆದು, ಗೆಳೆಯ ಮೈಸೂರಿನಲ್ಲಿ ಬಾಡಿಗೆ ಮನೆ ಹಿಡಿದ. ದೇಶದ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಒಂದು 2017ರ ಜನವರಿಯಲ್ಲಿ ಮೈಸೂರಿನಲ್ಲೇ ಶುರುವಾಗಿತ್ತು. ನೀಲಿ ಪುಸ್ತಕ ಬಂತು. ತಾನು ಹುಟ್ಟಿದ ಊರಿನವನೆಂದು ದೇಶ ಒಪ್ಪಿಕೊಳ್ಳಲು ಅವನು ಹುಟ್ಟಿದ ಊರನ್ನು ಬಿಡಬೇಕಾಯಿತು.

ಅವನ ತಂಗಿ ಹುಟ್ಟಿದ್ದು ಅದೇ ಮನೆಯಲ್ಲಿ, 1987ರ ಆಗಸ್ಟ್‌ನಲ್ಲಿ. ಜುಲೈ 1 ದಾಟಿ ಕೆಲವೇ ವಾರ. ಅವಳು ಭಾರತೀಯಳಲ್ಲ. ಅವಳ ಗಂಡ ಟಿಬೆಟ್‌ನಿಂದ ಬಂದವನು. ಹಾಗಾಗಿ ಬೈಲಕುಪ್ಪೆಯಲ್ಲೇ ಹುಟ್ಟಿದ ಅವಳ ಮಗನೂ ಅಲ್ಲ. ಗೆಳೆಯನ ಹೆಂಡತಿ 1983ರಲ್ಲಿ ಮುಂಡಗೋಡದಲ್ಲಿ ಹುಟ್ಟಿದವಳಾದ್ದರಿಂದ ಅವರ ಮಗಳು ಎರಡೂ ಕಡೆಯಿಂದ ಭಾರತೀಯಳು.

ಸೋದರಮಾವನ ಮಗಳು, ಸೋದರತ್ತೆಯ ಮಗ ಇಬ್ಬರೂ ಪಿಯುಸಿ ಮುಗಿಸಿ ಈಗ ಹೊರದೇಶಕ್ಕೆ ಅರ್ಜಿ ಹಾಕುತ್ತಿದ್ದಾರೆ. ಕಾಗದ ಜೋಡಿಸಿಕೊಡಲು ಹೋದ ವಾರ ನನ್ನನ್ನು ಕರೆದಿದ್ದರು. ಒಂದೇ ಮೇಜಿನ ಮೇಲೆ ಒಂದು ನೀಲಿ ಪುಸ್ತಕ, ಒಂದು ಹಳದಿ ಪುಸ್ತಕ. ಹುಡುಗನ ಅರ್ಜಿಯಲ್ಲಿ ಹುಟ್ಟಿದ ಸ್ಥಳದ ಮುಂದೆ ಬೈಲಕುಪ್ಪೆ, ಮೈಸೂರು ಜಿಲ್ಲೆ, ಕರ್ನಾಟಕ, ಭಾರತ ಎಂದು ಬರೆದೆವು. ರಾಷ್ಟ್ರೀಯತೆಯ ಮುಂದೆ ಏನು ಬರೆಯಬೇಕೆಂದು ಇಬ್ಬರೂ ಸ್ವಲ್ಪ ಹೊತ್ತು ಯೋಚಿಸಿದೆವು. ಪಹಣಿಯ ಜಾಗಕ್ಕೆ ಕ್ಯಾಂಪಿನ ಅಧಿಕಾರಿಯ ಪತ್ರ ಇಟ್ಟೆವು. ‘ಓದು ಮುಗಿದ ಮೇಲೆ ಎಲ್ಲಿಗೆ ಹೋಗ್ತೀಯ ಅಂತ ಕೇಳ್ತಾರೆ. ಏನು ಹೇಳ್ತೀಯ?’ ಎಂದೆ.

ಹುಡುಗ ನನ್ನ ಮುಖ ನೋಡಿದ. ಇದೆಂಥ ಪ್ರಶ್ನೆ ಎನ್ನುವ ಹಾಗೆ ಹೇಳಿದ: ‘ಮನೆಗೆ, ಅಂಕಲ್. ಅಜ್ಜಿ ಒಬ್ಬರೇ ಇದಾರಲ್ಲ.’